ಡಿಎನ್‌ಎ ಅದೇ ಇದ್ರೂ ರಕ್ತನಾಳದ ಸೆಲ್ ಬದಲಾಗೋದ್ಯಾಕೆ?

ಪ್ರಶ್ನೆ: ಮೈಯಲ್ಲಿರೋ ಎಲ್ಲಾ ಸೆಲ್‌ಗಳಲ್ಲೂ ಒಂದೇ ಡಿಎನ್‌ಎ ಅಂತಾರೆ. ಆದ್ರೆ ಹಾರ್ಟಿನ ರಕ್ತನಾಳ ಬ್ಲಾಕ್ ಆಗ್ತಾ ಹೋದಾಗ ಅಲ್ಲಿನ ಸೆಲ್‌ಗಳು ಬೇರೆ ಥರದ ಸೆಲ್ ಆಗಿಬಿಡ್ತವೆ ಅಂತ ಓದ್ದೆ. ಹೇಗೆ ಸಾಧ್ಯ ಸರ್? ವಾಪಸ್ ಮೊದಲಿನ ಥರ ಆಗ್ತವಾ?

ಉತ್ತರ: ಡಿಎನ್‌ಎಲಿ ಒಂದಕ್ಷರ ಬದಲಾಗದೇ ಇದ್ರೂ ಸಾಧ್ಯ. ಯಾವ ಜೀನ್ ಕೆಲ್ಸ ಮಾಡ್ತಿದೆ, ಯಾವುದು ಸುಮ್ನಿದೆ ಅನ್ನೋದರ ಮೇಲೇ ಸೆಲ್ ಎಂಥದ್ದು ಅಂತ ನಿರ್ಧಾರ ಆಗೋದು. ಧಮನಿ ಗೋಡೆಲಿರೋ ಸ್ಮೂತ್ ಮಸಲ್ ಸೆಲ್ ತಗೊಳ್ಳಿ, ಅದರ ಕೆಲ್ಸ ನಾಳವನ್ನ ಬಿಗಿ ಮಾಡೋದು ಸಡಿಲ ಮಾಡೋದು, ಅದಕ್ಕೆ ಬೇಕಾದ ಜೀನ್‌ಗಳನ್ನ ಆನ್ ಇಟ್ಟಿರೋದು ಮಯೋಕಾರ್ಡಿನ್, ಎಸ್‌ಆರ್‌ಎಫ್ ಅನ್ನೋ ಎರಡು ಪ್ರೋಟೀನ್. ಗೋಡೆಲಿ ಕೊಲೆಸ್ಟ್ರಾಲ್ ಸೇರ್ಕೊಂಡು ಉರಿಯೂತ ಶುರುವಾದ್ರೆ ಕೆಎಲ್‌ಎಫ್4 ಅನ್ನೋ ಇನ್ನೊಂದು ಪ್ರೋಟೀನ್ ಜಾಸ್ತಿಯಾಗಿ ಆ ಜೀನ್‌ಗಳನ್ನ ಅಡಗಿಸಿಬಿಡುತ್ತೆ, ಆಮೇಲೆ ಸೆಲ್ ಬಿಗಿ ಮಾಡೋ ಕೆಲ್ಸ ಬಿಟ್ಟು ಸಂಖ್ಯೆ ಹೆಚ್ಚಿಸ್ಕೊಳ್ಳುತ್ತೆ, ಒಳಪದರಕ್ಕೆ ಸರಿಯುತ್ತೆ, ಕೆಲವಂತೂ ಕೊಬ್ಬು ನುಂಗಿ ಥೇಟ್ ಮ್ಯಾಕ್ರೊಫೇಜ್ (ಕಸ, ಕೊಬ್ಬು ನುಂಗೋ ರಕ್ಷಣಾ ಸೆಲ್) ಥರಾನೇ ಕಾಣ್ತವೆ. ಇಲಿಗಳಲ್ಲಿ ಈ ಸೆಲ್‌ಗಳಿಗೆ ಮೊದ್ಲೇ ಬಣ್ಣದ ಗುರುತು ಹಾಕಿ ಬಿಟ್ಟು ನೋಡಿದ್ದರಿಂದ್ಲೇ ಇದು ಪಕ್ಕಾ ಆಗಿದ್ದು, ಇಲ್ದಿದ್ರೆ ಅವೆಲ್ಲ ರಕ್ತದಿಂದ ಬಂದಿರೋವು ಅಂತ್ಲೇ ಅಂದ್ಕೊಂಡಿರ್ತಿದ್ವಿ. 2015ರಲ್ಲಿ ಬಂದ ಅಧ್ಯಯನದಲ್ಲಿ ಬರೀ ಈ ಸೆಲ್‌ಗಳಿಂದ ಕೆಎಲ್‌ಎಫ್4 ತೆಗೆದಾಗ ಇಲಿಗಳ ಪ್ಲಾಕ್ (ನಾಳದ ಗೋಡೆಲಿ ಕೊಬ್ಬು, ಸೆಲ್ ಸೇರಿ ಕಟ್ಟೋ ಗಡ್ಡೆ) ಚಿಕ್ಕದಾಯ್ತು, ಗಟ್ಟಿನೂ ಆಯ್ತು.

ನಾಳದ ಒಳಮೈಗೆ ಹಾಸ್ಕೊಂಡಿರೋ ಎಂಡೋಥೀಲಿಯಲ್ ಸೆಲ್‌ಗಳದ್ದೂ ಇಂಥದ್ದೇ ಕಥೆ. ರಕ್ತ ಒಂದೇ ಸಮ ಹರಿಯೋ ಕಡೆ ಕೆಎಲ್‌ಎಫ್2 ಅನ್ನೋ ಪ್ರೋಟೀನ್ ಚೆನ್ನಾಗಿ ಕೆಲ್ಸ ಮಾಡಿ ಉರಿಯೂತ ತಡೆಯುತ್ತೆ, ನಾಳ ಕವಲೊಡೆಯೋ ಕಡೆ ಹರಿವು ಏರುಪೇರಾಗಿ ಅದು ಕಮ್ಮಿಯಾಗುತ್ತೆ, ಪ್ಲಾಕ್ ಜಾಸ್ತಿ ಕಟ್ಕೊಳ್ಳೋದೂ ಅಲ್ಲೇ. ಹಾರ್ಟಿನ ಕಾಯಿಲೆಗೆ ವಂಶದಿಂದ ಬರೋ ರಿಸ್ಕ್ ವಿಷ್ಯಾನೂ ನೋಡಿ, 2007ರಲ್ಲಿ ಸಿಕ್ಕ 9ನೇ ಕ್ರೋಮೋಸೋಮಿನ ಪ್ರಸಿದ್ಧ ಜಾಗ ಸೇರಿ ಆ ರಿಸ್ಕ್ ತರೋ, ಒಬ್ಬರಿಂದೊಬ್ಬರಿಗಿರೋ ಡಿಎನ್‌ಎ ವ್ಯತ್ಯಾಸಗಳಲ್ಲಿ ಬಹುಪಾಲು ಪ್ರೋಟೀನ್ ಬರೆಯೋ ಭಾಗದಲ್ಲಿಲ್ಲ, ಅದರಾಚೆ ಇವೆ, ಜೀನ್ ಎಲ್ಲಿ ಎಷ್ಟು ಆನ್ ಆಗ್ಬೇಕು ಅಂತ ಹೇಳೋ ಭಾಗಗಳೂ ಅಲ್ಲೇ ಇರೋದು.

ವಾಪಸ್ ಆಗ್ತವಾ ಅಂದ್ರಲ್ಲ, ಆಗೋ ಶಕ್ತಿ ಇದೆ. ನಾಳಕ್ಕೆ ಗಾಯ ಆದ್ಮೇಲೆ ಎಷ್ಟೋ ಸ್ಮೂತ್ ಮಸಲ್ ಸೆಲ್‌ಗಳು ಹಳೇ ಕೆಲ್ಸಕ್ಕೆ ಮರಳ್ತವೆ, ರೂಪ ಬದಲಾದ್ಮೇಲೂ ಅವುಗಳ ಹಿಸ್ಟೋನ್ (ಡಿಎನ್‌ಎ ಸುತ್ಕೊಂಡಿರೋ ಪ್ರೋಟೀನ್) ಮೇಲೆ ಹಳೇ ಗುರುತು ಉಳ್ದಿರುತ್ತೆ. ಆದ್ರೆ ಎಲ್ಲವನ್ನೂ ಮರಳಿಸಿಬಿಡ್ಬೇಕು ಅನ್ನೋದು ನನ್ನ ಪ್ರಕಾರ ಅಪಾಯದ ಯೋಚನೆ. ಟಿಸಿಎಫ್21 ಜೀನಿನಿಂದಾಗಿ ಬದಲಾದ ಕೆಲವು ಸೆಲ್‌ಗಳು ಪ್ಲಾಕಿನ ಮೇಲೆ ನಾರಿನ ಪದರ ಕಟ್ತವೆ, ಆ ಪದರ ತೆಳುವಾಗಿ ಒಡೆದ್ರೆ ಅಲ್ಲಿ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗೋದು.