ಹಳೇ ಟ್ರೈಲರ್‌ನ ಗ್ಯಾಸ್ ಫ್ರಿಜ್: ತಣ್ಣಗಾಗುತ್ತಿದೆ ಅಂದ ಮಾತ್ರಕ್ಕೆ ಹಚ್ಚಬೇಡಿ

ನಮಸ್ಕಾರ ಸರ್. 1968ರ ಟ್ರೈಲರ್ (ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ಮಲಗಿ ಅಡುಗೆ ಮಾಡಬಹುದಾದ ಮನೆಗಾಡಿ) ಕೊಂಡಿದ್ದೀರಿ, ಅದರ ಜೊತೆಗೇ ಬಂದ ಗ್ಯಾಸ್ ಫ್ರಿಜ್ ಈಗಲೂ ಚೆನ್ನಾಗಿ ತಣ್ಣಗಾಗುತ್ತಿದೆ, ಹಿಂಬದಿಯಲ್ಲಿ ಸ್ವಲ್ಪ ಹಳದಿ ಪುಡಿ ಇದೆ, ಒಮ್ಮೊಮ್ಮೆ ಮೂಗಿಗೆ ಘಾಟು ಹೊಡೆಯುತ್ತದೆ, ಮಕ್ಕಳ ಜೊತೆ ಅಮೆರಿಕದ ನ್ಯೂಜೆರ್ಸಿಯಿಂದ ರಾಷ್ಟ್ರೀಯ ಉದ್ಯಾನ ಯೆಲ್ಲೋಸ್ಟೋನ್‌ಗೆ ಹೊರಡುವ ಮೊದಲು ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ. ಮೊದಲು ಎದ್ದು ಹೋಗಿ ಸಿಲಿಂಡರ್ ವಾಲ್ವ್ ಮುಚ್ಚಿ. ಟ್ರೈಲರ್‌ಗೆ ಬರುವ ಕರೆಂಟನ್ನು ಹೊರಗಿನಿಂದಲೇ ತೆಗೆಯಿರಿ. ಬಾಗಿಲು, ಕಿಟಕಿ ತೆರೆದಿಡಿ. ಉಳಿದದ್ದನ್ನು ಆಮೇಲೆ ಓದಿ.

ಆ ಹಳದಿ ಪುಡಿ ಧೂಳಲ್ಲ, ಸೋಡಿಯಂ ಕ್ರೋಮೇಟ್. ಈ ಫ್ರಿಜ್‌ಗಳಲ್ಲಿ ಕಂಪ್ರೆಸರ್ ಇರುವುದಿಲ್ಲ. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ವಾನ್ ಪ್ಲಾಟೆನ್ ಮತ್ತು ಮುಂಟರ್ಸ್, ರೂಪಿಸಿದ ಕ್ರಮವೇ ಇವತ್ತಿಗೂ ನಡೆಯುತ್ತಿದೆ. ಅಮೋನಿಯಾ, ನೀರು, ಹೈಡ್ರೋಜನ್ ಮೂರನ್ನೂ ಉಕ್ಕಿನ ಕೊಳವೆಗಳಲ್ಲಿ ಒತ್ತಡದಲ್ಲಿ ತುಂಬಿ ಬೆಸುಗೆ ಹಾಕಿ ಮುಚ್ಚಿರುತ್ತಾರೆ. ಕೆಳಗೆ ಗ್ಯಾಸ್ ಜ್ವಾಲೆಯೋ ಕರೆಂಟ್ ಕಾಯಿಲೋ ಬಾಯ್ಲರನ್ನು, ಅಂದರೆ ದ್ರಾವಣ ಕುದಿಯುವ ಭಾಗವನ್ನು, ಕಾಯಿಸುತ್ತದೆ. ಅಮೋನಿಯಾ ಆವಿಯಾಗಿ ಮೇಲೇರಿ, ತಣಿದು ದ್ರವವಾಗಿ, ಹೈಡ್ರೋಜನ್ ಜೊತೆ ಕೂಡಿದಾಗ ಮತ್ತೆ ಆವಿಯಾಗುತ್ತಾ ಫ್ರಿಜ್‌ನೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಉಕ್ಕು ಒಳಗಿನಿಂದ ತುಕ್ಕು ಹಿಡಿಯದಿರಲಿ ಎಂದು ಆ ದ್ರಾವಣಕ್ಕೆ ಕ್ರೋಮೇಟ್ ಬೆರೆಸಿರುತ್ತಾರೆ. ಅದು ಈಗ ನಿಮ್ಮ ಕಣ್ಣಿಗೆ ಬಿದ್ದಿದೆ, ಘಾಟೂ ಬರುತ್ತಿದೆ ಎಂದರೆ ಕೊಳವೆ ಬಿರುಕು ಬಿಟ್ಟಿದೆ. ಅಮೋನಿಯಾ ಬರುವ ದಾರಿಯಲ್ಲೇ ಹೈಡ್ರೋಜನ್ನೂ ಹೊರಗೆ ಬರುತ್ತದೆ, ಅದರ ಕೆಳಗೇ ಬರ್ನರ್ ಉರಿಯುತ್ತಿರುತ್ತದೆ. ಸುತ್ತ ಇರುವುದು ಐವತ್ತು ವರ್ಷಕ್ಕೂ ಹೆಚ್ಚು ಕಾಲ ಒಣಗಿದ ಮರದ ಚೌಕಟ್ಟು, ತೆಳು ಪ್ಲೈವುಡ್. ಸಣ್ಣ ಬಿರುಕಿದ್ದಾಗಲೂ ಫ್ರಿಜ್ ಕೆಲ ಕಾಲ ತಣ್ಣಗಾಗುತ್ತಲೇ ಇರಬಹುದು. ಹಾಗಾಗಿ "ಕೂಲಿಂಗ್ ಚೆನ್ನಾಗಿದೆ" ಎಂದು ಮಾರಿದವರು ಹೇಳಿದ ಮಾತನ್ನು ಆಧಾರವಾಗಿ ಹಿಡಿಯಬೇಡಿ.

ಆ ಪುಡಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಪೊರಕೆಯಲ್ಲಿ ಗುಡಿಸಬೇಡಿ. ಕ್ರೋಮೇಟ್ ಕ್ಯಾನ್ಸರ್ ತರುವ ವಸ್ತು. ಮಕ್ಕಳನ್ನು ದೂರವಿಡಿ.

ಬಿರುಕು ಬರುವುದು ಹೆಚ್ಚಾಗಿ ಬಾಯ್ಲರ್ ಹತ್ತಿರ. ಇದು ಹಳೇ ಫ್ರಿಜ್‌ಗಳಿಗಷ್ಟೇ ಬರುವ ರೋಗವಲ್ಲ. 1997ರಿಂದ 2003ರ ನಡುವೆ ತಯಾರಾದ ಒಂಬತ್ತು ಲಕ್ಷಕ್ಕೂ ಹೆಚ್ಚು ಡೊಮೆಟಿಕ್ ಕಂಪನಿಯ ಫ್ರಿಜ್‌ಗಳನ್ನು 2006ರಲ್ಲಿ ವಾಪಸ್ ಕರೆದದ್ದು ಬಾಯ್ಲರ್ ಕೊಳವೆಯ ಬಿರುಕಿನಿಂದ ಬೆಂಕಿಯ ಅಪಾಯ ಇದೆ ಎಂದೇ. ನಿಮ್ಮ ಫ್ರಿಜ್ ಆ ಪಟ್ಟಿಗೆ ಸೇರುವುದಿಲ್ಲ, ಆದರೆ ಸೋಲುವ ಜಾಗ ಅದೇ. ಟ್ರೈಲರ್ ಮಟ್ಟವಾಗಿ ನಿಲ್ಲದಿದ್ದರೆ ಈ ಸವೆತ ಬೇಗ ಆಗುತ್ತದೆ. ಒಳಗೆ ಪಂಪ್ ಇಲ್ಲ, ದ್ರವ ತನ್ನ ಭಾರದಿಂದಲೇ ಇಳಿದು ಬಾಯ್ಲರಿಗೆ ಮರಳಬೇಕು. ವಾಲಿಸಿ ನಿಲ್ಲಿಸಿದಿರಾ, ದ್ರವ ಅಲ್ಲಲ್ಲೇ ನಿಲ್ಲುತ್ತದೆ, ಒಣಗಿದ ಬಾಯ್ಲರ್ ವಿಪರೀತ ಕಾಯುತ್ತದೆ, ಕ್ರೋಮೇಟ್ ಹರಳುಗಟ್ಟಿ ದಾರಿ ಕಟ್ಟುತ್ತದೆ. ಹೀಗೆ ಒಮ್ಮೆ ಆದ ಹಾನಿ ಆಮೇಲೆ ಮಟ್ಟಸವಾಗಿ ನಿಲ್ಲಿಸಿದರೂ ಸರಿಹೋಗುವುದಿಲ್ಲ. ಹಿಂದಿನ ಮಾಲೀಕರು ಎಲ್ಲೆಲ್ಲಿ ಹೇಗೆ ನಿಲ್ಲಿಸಿದ್ದರೋ, ನಮಗೆ ತಿಳಿಯುವ ದಾರಿಯಿಲ್ಲ.

ಈಗ ಏನು ಮಾಡುವುದು? ವೆಲ್ಡಿಂಗ್ ಮಾಡಿಸಿ ಮತ್ತೆ ತುಂಬಿಸುವ ಯೋಚನೆ ಬೇಡ, ಅದು ಬೀದಿಬದಿಯ ಗ್ಯಾರೇಜಿನ ಕೆಲಸವಲ್ಲ. ಆ ಕಾಲದ ಚಂದವನ್ನು ಉಳಿಸಿಕೊಳ್ಳಲೇಬೇಕು ಎಂದಿದ್ದರೆ ಇಂಡಿಯಾನಾ ಕಡೆ ಆಮಿಶ್ (ಹಳೇ ರೀತಿಯಲ್ಲೇ ಬದುಕುವ ಒಂದು ಕ್ರೈಸ್ತ ಪಂಗಡ) ಕುಶಲಕರ್ಮಿಗಳು ಹೊಸ ಕೂಲಿಂಗ್ ಯೂನಿಟ್, ಅಂದರೆ ಆ ಕೊಳವೆಗಳ ಭಾಗವನ್ನು, ಕಟ್ಟುತ್ತಾರೆ, ನಿಮ್ಮ ಮಾದರಿಗೆ ಸಿಗುತ್ತದೆಯೇ ವಿಚಾರಿಸಿ. ನನ್ನನ್ನು ಕೇಳಿದರೆ ಹಳೇ ಬಾಗಿಲು, ಹಿಡಿಕೆ ಜೋಪಾನವಾಗಿ ಎತ್ತಿಟ್ಟು, ಆ ಜಾಗದಲ್ಲಿ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಕೂರಿಸಿ. ದಿನಕ್ಕೆ ಸುಮಾರು 30ರಿಂದ 50 ಆಂಪಿಯರ್ ಅವರ್ (ಬ್ಯಾಟರಿಯ ಕರೆಂಟಿನ ಲೆಕ್ಕ) ತಿನ್ನುತ್ತದೆ. 100 ಆಂಪಿಯರ್ ಅವರ್‌ನ ಲಿಥಿಯಂ ಬ್ಯಾಟರಿ, ಚಾವಣಿಗೊಂದು ಸೋಲಾರ್ ಫಲಕ ಇದ್ದರೆ ನಡೆಯುತ್ತದೆ. ಜ್ವಾಲೆಯೇ ಇಲ್ಲ, ಸ್ವಲ್ಪ ವಾಲಿದರೂ ಚಿಂತೆಯಿಲ್ಲ. ಮಕ್ಕಳು ಒಳಗೆ ಮಲಗುವ ಟ್ರೈಲರ್‌ಗೆ ಇದೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಫ್ರಿಜ್ ತೆಗೆದರೂ ಒಲೆ, ಹೀಟರ್‌ಗೆ ಗ್ಯಾಸ್ ಬೇಕಲ್ಲ, ಆದ್ದರಿಂದ ಪೈಪುಗಳ ಮಾತು. ಇಲ್ಲಿನ ಪ್ರೊಪೇನ್ ನಮ್ಮೂರಿನ ಅಡುಗೆ ಗ್ಯಾಸಿನ ಹಾಗೇ ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ, ಸೋಫಾದ ಕೆಳಗಿನ ಪೆಟ್ಟಿಗೆಯಲ್ಲಿ ಮಡುಗಟ್ಟುತ್ತದೆ, ನಿಂತವರ ಮೂಗಿಗೆ ತಡವಾಗಿ ತಿಳಿಯುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಹತ್ತಿಕೊಳ್ಳಲು ಸಾಕು. ಹಳೇ ಟ್ರೈಲರ್‌ನಲ್ಲಿ ತಾಮ್ರದ ಪೈಪು ನೆಲದ ಹಲಗೆಯನ್ನು ತೂರಿ ಬರುವ ಜಾಗ ನೋಡಿ. ದಾರಿಯುದ್ದಕ್ಕೂ ಅದುರಿ ಅದುರಿ ಅಲ್ಲೇ ಸವೆದಿರುತ್ತದೆ. ಕೀಲುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು ನಮಗೆಲ್ಲ ಗೊತ್ತಿರುವುದೇ, ಆದರೆ ಅಮೋನಿಯಾ ಇರುವ ಕ್ಲೀನರ್ ಬಳಸಬೇಡಿ, ಹಿತ್ತಾಳೆಯ ಕೀಲು ಸೀಳುತ್ತದೆ. ಅಷ್ಟಕ್ಕೇ ನಿಲ್ಲಿಸಲೂಬೇಡಿ. ಗೋಡೆಯೊಳಗಿನ ಸೋರಿಕೆ ನೊರೆಗೆ ಕಾಣುವುದಿಲ್ಲ. ಆರ್‌ವಿ (ಇಂಥ ಮನೆಗಾಡಿ) ಗ್ಯಾಸ್ ಕೆಲಸ ಬಲ್ಲ ತಂತ್ರಜ್ಞರಿಂದ ಮಾನೋಮೀಟರ್ (ಒತ್ತಡ ಅಳೆಯುವ ಸಾಧನ) ಪರೀಕ್ಷೆ ಮಾಡಿಸಿ: ಪೈಪಿಗೆ 8 ಅಂಗುಲ ನೀರಿನ ಒತ್ತಡ ಕೊಟ್ಟು, ಮುಚ್ಚಿ, ಮೂರು ನಿಮಿಷ ಕಾಯುತ್ತಾರೆ. ಮುಳ್ಳು ಕೆಳಗಿಳಿಯಬಾರದು. ಆಮೇಲೆ ರೆಗ್ಯುಲೇಟರ್ 11 ಅಂಗುಲಕ್ಕೆ ನಿಂತಿದೆಯೇ ಎಂದು ನೋಡುತ್ತಾರೆ. ರೆಗ್ಯುಲೇಟರ್, ರಬ್ಬರ್ ಹೋಸ್ ಎರಡೂ ಹಳೆಯವಾದರೆ ಪರೀಕ್ಷೆಗೂ ಕಾಯದೆ ಬದಲಿಸಿ, ದುಬಾರಿಯೇನಲ್ಲ. ಸಿಲಿಂಡರ್ ವಾಲ್ವ್ ತಿರುಗಿಸುವ ಹಿಡಿಕೆ ತ್ರಿಕೋನಾಕಾರದಲ್ಲಿ ಇಲ್ಲದಿದ್ದರೆ ಅದರಲ್ಲಿ ಅತಿಯಾಗಿ ತುಂಬುವುದನ್ನು ತಡೆಯುವ ವಾಲ್ವ್ ಇಲ್ಲವೆಂದು ಎಣಿಸಿ. 2002ರಿಂದ ಅಂಥ ಸಣ್ಣ ಸಿಲಿಂಡರುಗಳಿಗೆ ಗ್ಯಾಸ್ ತುಂಬುವಂತಿಲ್ಲ.

ಇದೇ ಚರ್ಚೆಯಲ್ಲಿ ಇನ್ನೊಬ್ಬರು ತಮ್ಮದು ಸರ್ವೆಲ್ ಎಂಬ ಹಳೇ ಕಂಪನಿಯ ಫ್ರಿಜ್ ಎಂದಿದ್ದಾರೆ. ದಯವಿಟ್ಟು ಹಚ್ಚಬೇಡಿ. 1933ರಿಂದ 1957ರವರೆಗಿನ ಸರ್ವೆಲ್ ಗ್ಯಾಸ್ ಫ್ರಿಜ್‌ಗಳ ಬರ್ನರ್ ಕೊಳೆ ಕಟ್ಟಿದಾಗ ಕಾರ್ಬನ್ ಮಾನಾಕ್ಸೈಡ್ ಬಿಡುತ್ತದೆ, ಜನ ಸತ್ತಿದ್ದಾರೆ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ ಬಳಸಲೇಬೇಡಿ ಎಂದು ಎಚ್ಚರಿಸಿದೆ. ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

ಬಿರುಕಿಲ್ಲದ ಗ್ಯಾಸ್ ಫ್ರಿಜ್ ಇರುವವರೂ ಹಿಂಬದಿಯ ಜಾಲರಿ ತೆಗೆದು ವರ್ಷಕ್ಕೊಮ್ಮೆ ನೋಡಲೇಬೇಕು. ಬರ್ನರಿನೊಳಗೆ ಜೇಡ ಬಲೆ ಕಟ್ಟುತ್ತದೆ, ಕಣಜ ಮಣ್ಣಿನ ಗೂಡು ಕಟ್ಟುತ್ತದೆ, ಹೊಗೆಕೊಳವೆಯಿಂದ ತುಕ್ಕಿನ ಚಕ್ಕೆ ಉದುರುತ್ತದೆ. ಜ್ವಾಲೆ ನೀಲಿಯಾಗಿ ನೆಟ್ಟಗಿರಬೇಕು. ಹಳದಿಯಾಗಿ ನಾಲಿಗೆ ಚಾಚಿದರೆ ಮಸಿ, ಮಸಿಯ ಜೊತೆ ಆ ವಿಷಾನಿಲ. ಯೆಲ್ಲೋಸ್ಟೋನ್‌ನ ಬಹುಭಾಗ ಸುಮಾರು 8 ಸಾವಿರ ಅಡಿ ಎತ್ತರದಲ್ಲಿದೆ, ಗಾಳಿ ತೆಳು, ಮನೆ ಮುಂದೆ ಸರಿಯಾಗಿ ಉರಿದ ಬರ್ನರ್ ಅಲ್ಲಿ ಕೆಡಬಹುದು. ಕೆಳಗಿನ ಜಾಲರಿಯಿಂದ ಹೊಕ್ಕ ಗಾಳಿ ಚಾವಣಿಯಲ್ಲಿ ಹೊರಬೀಳುವವರೆಗೆ ದಾರಿ ತೆರೆದಿರಬೇಕು. ಹಕ್ಕಿಗೂಡು, ಉದುರಿದ ಇನ್ಸುಲೇಷನ್ ಎಲ್ಲ ತೆಗೆಯಿರಿ. ಫ್ರಿಜ್ಜಿಗೂ ಒಳಗಿನ ಕೋಣೆಗೂ ನಡುವೆ ಸಂದಿ ಇರಲೇಬಾರದು.

ಓಡುವಾಗ ಫ್ರಿಜ್ ಗ್ಯಾಸಿನಲ್ಲಿ ಇರಬಹುದೇ ಎಂದೂ ಕೇಳಿದ್ದೀರಿ. ಬೇಡ. ದಾರಿಯಲ್ಲಿ ಟೈರ್ ಒಡೆದು ಪೈಪು ಕಿತ್ತರೆ ತೆರೆದ ಸಿಲಿಂಡರ್ ಬೆಂಕಿಗೆ ಮೇವು ಹಾಕುತ್ತದೆ, ಪೆಟ್ರೋಲ್ ಬಂಕಿನಲ್ಲಿ ಉರಿಯುವ ಜ್ವಾಲೆಯೊಂದಿಗೆ ನಿಲ್ಲುವುದಂತೂ ಊಹಿಸಲೂ ಆಗದು. ರಾತ್ರಿಯೇ ತಂಪು ಮಾಡಿ ಬಾಗಿಲು ಮುಚ್ಚಿಟ್ಟರೆ ಹಗಲಿಡೀ ಹಾಲು ಕೆಡುವುದಿಲ್ಲ. ಮುಂದೆ ದಕ್ಷಿಣಕ್ಕೆ ಹೊರಟರೆ ನೆನಪಿರಲಿ, ಬಾಲ್ಟಿಮೋರ್‌ನ ಸುರಂಗಗಳಲ್ಲಿ ಇಂಥ ಸಿಲಿಂಡರ್ ಹೊತ್ತ ಟ್ರೈಲರ್‌ಗೆ ಪ್ರವೇಶವಿಲ್ಲ, ಸುತ್ತಿ ಹೋಗಬೇಕು.

1968ರ ಟ್ರೈಲರ್‌ನಲ್ಲಿ ಯಾವ ಅಲಾರ್ಮೂ ಇದ್ದಿರುವುದಿಲ್ಲ. ಪ್ರೊಪೇನ್ ಅಲಾರ್ಮ್ ನೆಲದ ಹತ್ತಿರ, ಹೊಗೆ ಅಲಾರ್ಮ್ ಚಾವಣಿಗೆ, ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಮಲಗುವ ಜಾಗದ ಬಳಿ ಹಾಕಿ. ಹಿಂಭಾಗದಲ್ಲಿ ಬರೆದ ತಾರೀಖು ನೋಡಿ ಖರೀದಿಸಿ, ಇವುಗಳ ಆಯಸ್ಸು ಕೆಲವೇ ವರ್ಷ. ಬೆಂಕಿ ಆರಿಸುವ ಸಿಲಿಂಡರ್ ಬಾಗಿಲ ಪಕ್ಕದಲ್ಲಿರಲಿ, ಒಲೆಯ ಹಿಂದೆ ಬೇಡ. ಮಕ್ಕಳು ಮಲಗುವ ಕಡೆಯ ಕಿಟಕಿ ಪೂರ್ತಿ ತೆರೆಯುತ್ತದೆಯೇ, ಅವರೇ ತೆರೆದು ಹೊರಗೆ ಇಳಿಯಬಲ್ಲರೇ, ಹಗಲಲ್ಲಿ ಒಮ್ಮೆ, ಕತ್ತಲಲ್ಲಿ ಒಮ್ಮೆ ಮಾಡಿಸಿ ನೋಡಿ.

ಘಾಟು ಪೂರ್ತಿ ಹೋದ ಮೇಲೆ, ಗ್ಲೌಸ್ ಹಾಕಿಕೊಂಡು ಹೊರಗಿನ ಜಾಲರಿ ತೆಗೆದು, ಬಾಯ್ಲರ್ ಮತ್ತು ಮಾದರಿ ಸಂಖ್ಯೆಯ ಫಲಕ ಎರಡೂ ಕಾಣುವಂತೆ ಫೋಟೋ ಹಾಕಿ. ಫ್ರಿಜ್ ಕೂರುವ ಜಾಗದ ಅಗಲ, ಎತ್ತರ, ಆಳದ ಅಳತೆಯನ್ನೂ ಬರೆಯಿರಿ, ಯಾವ 12 ವೋಲ್ಟಿನ ಫ್ರಿಜ್ ಕೂರುತ್ತದೆ ಎಂದು ಇಲ್ಲೇ ಹುಡುಕಿ ಹೇಳುತ್ತೇನೆ.