ಮೂರು ಪಾಠಯೋಜನೆ ಬೇಡ, ಕಾಗದದ ಪಟ್ಟಿ ಸಾಕು

ಮದ್ದೂರು ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರ ಪತ್ರ: “ಐದನೇ ತರಗತಿಯಲ್ಲಿ 30 ಮಕ್ಕಳು. ಒಬ್ಬಳಿಗೆ ದೃಷ್ಟಿ ಮಂದ, ಒಬ್ಬ ಶ್ರವಣ ಸಾಧನ ಹಾಕುತ್ತಾನೆ, ನಾಲ್ವರಿಗೆ ಇನ್ನೂ ಸರಾಗವಾಗಿ ಓದಲು ಬರುವುದಿಲ್ಲ. ಭಿನ್ನರಾಶಿಗೆ ಮೂರು ಬಗೆಯ ಪಾಠಯೋಜನೆ ಬರೆದು ಸಾಕಾಗಿದೆ. ಇವರಿಗೆ ಸುಲಭದ ಪ್ರಶ್ನೆ ಕೊಟ್ಟರೆ ಉಳಿದವರಿಗೆ ಅನ್ಯಾಯವಲ್ಲವೇ?”

ಸಂಪಾದಕರ ಉತ್ತರ:

ಮೇಡಂ, ಸುಲಭದ ಪ್ರಶ್ನೆ ಕೊಡಲೇಬೇಡಿ. ಅನ್ಯಾಯ ಆಗುವುದು ಆ ಆರು ಮಕ್ಕಳಿಗೇ. ಗುರಿ ಎಲ್ಲರಿಗೂ ಒಂದೇ ಇರಲಿ, ಅದನ್ನು ಬರೆಯುವಾಗ ಮಾತ್ರ ಎಚ್ಚರ. ‘1/3, 1/4ರಲ್ಲಿ ದೊಡ್ಡದನ್ನು ಬರೆಯುವರು’ ಎಂದರೆ ಕೈಬರಹವೂ ಗುರಿಯೊಳಗೆ ನುಸುಳಿತು. ‘ಗುರುತಿಸಿ ಕಾರಣ ಕೊಡುವರು’ ಎನ್ನಿ. ಆಗ ಪಟ್ಟಿ ಜೋಡಿಸಿ ತೋರಿಸಿದರೂ ಸರಿ, ಬಾಯಲ್ಲಿ ಹೇಳಿದರೂ ಸರಿ, ಬರೆದರೂ ಸರಿ. ಕಾಗುಣಿತದ ಪಾಠಕ್ಕೆ ಈ ಸಡಿಲಿಕೆ ಹೊಂದುವುದಿಲ್ಲ. ಅಲ್ಲಿ ಬರೆಯುವುದೇ ಗುರಿ.

ಸಾಮಗ್ರಿ ಇಷ್ಟೇ: ಡ್ರಾಯಿಂಗ್ ಶೀಟಿನಿಂದ 24 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲದ ಪಟ್ಟಿಗಳು, ಇಬ್ಬರಿಗೆ ನಾಲ್ಕರಂತೆ 60. ನಾಲ್ಕರಲ್ಲಿ ಒಂದು ಇಡಿಯಾಗಿರಲಿ, ಉಳಿದವಕ್ಕೆ ಎರಡು, ಮೂರು, ನಾಲ್ಕು ಸಮಭಾಗದ ಗೆರೆ. 24 ಏಕೆಂದರೆ ಮೂರಕ್ಕೂ ನಾಲ್ಕಕ್ಕೂ ಶೇಷವಿಲ್ಲದೆ ಒಡೆಯುತ್ತದೆ. ಗೆರೆಯ ಮೇಲೆ ಫೆವಿಕಾಲ್ ಎಳೆದು ದಪ್ಪ ದಾರ ಅಂಟಿಸಿ, ರಾತ್ರಿಯಿಡೀ ಒಣಗಲು ಬಿಡಿ. ಬೆರಳಾಡಿಸಿದರೆ ಗೆರೆ ಸಿಗಬೇಕು. ದಾರ ಎಲ್ಲ ಪಟ್ಟಿಗೂ ಇರಲಿ, ಆ ಹುಡುಗಿಯದಕ್ಕೆ ಮಾತ್ರ ಅಲ್ಲ. ಮೂರಕ್ಕಿಂತ ನಾಲ್ಕು ದೊಡ್ಡದು, ಹಾಗಾಗಿ 1/4 ದೊಡ್ಡದು ಎನ್ನುವ ಹಳೇ ತಪ್ಪು ಕಣ್ಣು ಚೆನ್ನಾಗಿರುವವರಲ್ಲೂ ಇದೆ, 1/3ರ 8 ಸೆಂ.ಮೀ. ಭಾಗದ ಪಕ್ಕ 1/4ರ 6 ಸೆಂ.ಮೀ. ಭಾಗವನ್ನು ಮುಟ್ಟಿ ನೋಡಿದರೆ ಅದು ಬೇಗ ಕಳಚುತ್ತದೆ. ಪಟ್ಟಿಗಳ ಉದ್ದ ಹೆಚ್ಚುಕಡಿಮೆಯಾದರೆ ಮಾತ್ರ ಪಾಠವೇ ಕೆಟ್ಟಿತು. (ಮಂಡ್ಯದವರೆಂದು ಬೆಲ್ಲದಚ್ಚು ಒಡೆದು ತೋರಿಸುವ ಆಸೆ ಬೇಡ. ಸಮನಾಗಿ ಒಡೆಯುವುದಿಲ್ಲ, ಪಾಠ ಮುಗಿಯುವ ತನಕ ಉಳಿಯುವುದೂ ಇಲ್ಲ.)

ಬೋರ್ಡಿನ ಹತ್ತಿರ ಒಂದು ತೊಡಕಿದೆ. ಹುಡುಗಿಗಾಗಿ ಬರೆದದ್ದನ್ನೆಲ್ಲ ಓದಿ ಹೇಳಬೇಕು. ಹುಡುಗನಿಗಾಗಿ ಬೋರ್ಡಿನ ಕಡೆ ಮುಖ ಮಾಡಿ ಮಾತಾಡಬಾರದು, ತುಟಿ ಕಾಣುವುದಿಲ್ಲ. ಆದ್ದರಿಂದ ಮೊದಲು ಬರೆಯಿರಿ, ತಿರುಗಿ, ಆಮೇಲೆ ಓದಿ. ಕಿಟಕಿಗೆ ಬೆನ್ನು ಕೊಟ್ಟು ನಿಲ್ಲಬೇಡಿ, ಮುಖ ಕಪ್ಪಾಗುತ್ತದೆ. ‘ಇದನ್ನು ಇದರ ಪಕ್ಕ ಇಡಿ’ ಎಂದರೆ ಹುಡುಗಿಗೆ ಏನೂ ಹೇಳಿದಂತಾಗಲಿಲ್ಲ; ‘ಮೂರು ಭಾಗದ ಪಟ್ಟಿಯನ್ನು ನಾಲ್ಕು ಭಾಗದ್ದರ ಕೆಳಗೆ’ ಎನ್ನಿ.

ಗುಂಪು ಮಾಡುವುದು ನಿಮಗೆ ಹೊಸದಲ್ಲ. ಪಕ್ಕದ ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿಯ (ಚಟುವಟಿಕೆಯಿಂದ ಕಲಿಯುವ ಪದ್ಧತಿ) ತಟ್ಟೆಗಳನ್ನು, ಅಂದರೆ ಮಕ್ಕಳು ಕೂರುವ ಗುಂಪುಗಳನ್ನು, ಕೆಳಗಿನ ತರಗತಿಗಳಲ್ಲಿ ನೋಡೇ ಇರುತ್ತೀರಿ. ಐದನೆಯಲ್ಲೂ ಅದೇ ನಡೆಯುತ್ತದೆ, ಆದರೆ ಓದಲು ಬಾರದ ನಾಲ್ವರನ್ನೂ ಒಂದೇ ಕಡೆ ಕೂರಿಸಬೇಡಿ. ಜೋಡಿಯಲ್ಲಿ ಒಬ್ಬರು ಪ್ರಶ್ನೆ ಓದಲಿ, ಇನ್ನೊಬ್ಬರು ಪಟ್ಟಿ ಇಡಲಿ. ಇಲ್ಲದಿದ್ದರೆ ಚುರುಕಿನವನೇ ಎಲ್ಲ ಮಾಡಿ ಮುಗಿಸುತ್ತಾನೆ.

ಇನ್ನು ಶ್ರವಣ ಸಾಧನ. ದಿನಾ ಬೆಳಿಗ್ಗೆ ಒಂದು ಮೀಟರ್ ದೂರ ನಿಂತು, ತುಟಿ ಕಾಣದಂತೆ ಬಾಯಿಗೆ ಕಾಗದ ಅಡ್ಡ ಹಿಡಿದು, ಆ, ಊ, ಈ, ಶ್, ಸ್, ಮ್ ಎಂಬ ಆರು ಸದ್ದನ್ನು ಕ್ರಮ ಬದಲಿಸಿ ಹೇಳಿ, ಅವನು ಮರುನುಡಿಯಲಿ. ನಿನ್ನೆ ಕೇಳಿಸಿದ್ದು ಇಂದು ಕೇಳಿಸದಿದ್ದರೆ ಮೊದಲು ಬ್ಯಾಟರಿ ನೋಡಿ, ಆಮೇಲೆ ಕಿವಿಯ ಅಚ್ಚಿನಲ್ಲಿ (ಸಾಧನದ ಕಿವಿಯೊಳಗೆ ಕೂರುವ ಭಾಗ) ಗುಗ್ಗೆ ಕಟ್ಟಿದೆಯೇ ನೋಡಿ. ಎರಡೂ ಸರಿಯಿದ್ದೂ ಕೇಳಿಸದಿದ್ದರೆ ಮನೆಯವರಿಗೆ ತಿಳಿಸಿ, ಮೈಸೂರು ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕಳಿಸಿಕೊಡಿ.