ಒಂದೇ ವರ್ಷದಲ್ಲಿ ಬೈಬಲ್ ಪೂರ್ತಿ ಓದಬೇಕು ಅಂತ ಶುರು ಮಾಡಿ ಯಾಜಕಕಾಂಡದಲ್ಲಿ ನಿಂತಿದ್ದೇನೆ, 38 ದಿನ ಹಿಂದೆ ಬಿದ್ದಿದ್ದೇನೆ. ಹೇಗೆ ಸರಿದೂಗಿಸಲಿ? ಬೋರ್ ಆಗುವ ಭಾಗ ಬಿಡಬಹುದಾ?

ಸರಿದೂಗಿಸಬೇಡಿ. ನನ್ನ ಉತ್ತರ ಅಷ್ಟೇ. ಆದರೆ ಯಾಕೆ ಅಂತ ಹೇಳದೆ ಹೋದರೆ ನೀವು ನಾಳೆ ಬೆಳಗ್ಗೆ ಎದ್ದು ಮತ್ತೆ ಮೊಬೈಲಿನಲ್ಲಿ ಲೆಕ್ಕ ಹಾಕುತ್ತೀರಿ, ಉಳಿದ ಅಧ್ಯಾಯ ಇಷ್ಟು, ಉಳಿದ ದಿನ ಇಷ್ಟು, ಭಾಗಿಸಿದರೆ ದಿನಕ್ಕೆ ಇಷ್ಟು ಅಂತ. ನನಗೆ ಗೊತ್ತು. ಅದೇ ಯಾಜಕಕಾಂಡದಲ್ಲಿ ಕೂತು ಅದೇ ಲೆಕ್ಕ ಹಾಕಿದವನು ನಾನು.

ನಾನಿರುವುದು ಬಳ್ಳಾರಿಯಲ್ಲಿ. ಜೀನ್ಸ್ ಯೂನಿಟ್‌ನಲ್ಲಿ ಟೈಲರ್. ಪೀಸ್ ರೇಟ್ ಕೆಲಸ, ಎಷ್ಟು ಪೀಸ್ ಹೊಲಿದೆವೋ ಅಷ್ಟಕ್ಕೆ ದುಡ್ಡು. ನನ್ನ ಮಿಷನ್ನಿಗೆ ಬರುವುದು ಹಿಂದಿನ ಜೇಬು. ಬಂಡಲ್ ಬಿಚ್ಚು, ಜೇಬು ಕೂರಿಸು, ಪಕ್ಕಕ್ಕೆ ತಳ್ಳು, ಮುಂದಿನದು ತಗೋ. ಹದಿನಾಲ್ಕು ವರ್ಷ ಇದನ್ನೇ ಮಾಡಿದರೆ ಕೈ ತಾನಾಗೇ ಎಣಿಸುತ್ತದೆ, ಕಣ್ಣು ಬಟ್ಟೆ ನೋಡುವುದನ್ನೇ ಬಿಡುತ್ತದೆ. ನಾನು ಬೈಬಲ್ ಓದಿದ್ದೂ ಹೀಗೇ.

ಆರು ವರ್ಷದ ಹಿಂದೆ, ಹೊಸ ವರ್ಷದ ರಾತ್ರಿ ಆರಾಧನೆ ಮುಗಿದ ಮೇಲೆ ಸಭೆಯಲ್ಲಿ ಒಂದು ಚಾರ್ಟ್ ಹಂಚಿದರು. 66 ಪುಸ್ತಕ, 1189 ಅಧ್ಯಾಯ, 365 ದಿನ. ದಿನಕ್ಕೆ ಮೂರು ಓದಿದರೆ 1095 ಆಗುತ್ತದೆ, ಇನ್ನೂ 94 ಉಳಿಯುತ್ತದೆ, ಅದಕ್ಕೆ ಭಾನುವಾರ ಐದು. ಪ್ರತಿ ದಿನದ ಪಕ್ಕ ಒಂದು ಚೌಕ, ಓದಿದ ಮೇಲೆ ರೈಟ್ ಮಾರ್ಕ್. ಆದಿಕಾಂಡದ 50 ಅಧ್ಯಾಯ ಹೇಗೆ ಹೋಯಿತೋ ಗೊತ್ತೇ ಆಗಲಿಲ್ಲ. ಯೋಸೇಫನ ಕಥೆ ಓದುತ್ತಾ ಒಂದು ದಿನ ಕೆಲಸಕ್ಕೇ ತಡವಾಯಿತು. ವಿಮೋಚನಕಾಂಡದ ಅರ್ಧದವರೆಗೂ ಚೆನ್ನಾಗಿತ್ತು. ಆಮೇಲೆ ದೇವದರ್ಶನದ ಗುಡಾರದ ಅಳತೆ ಶುರುವಾಯಿತು. ಅದು ಮುಗಿಯುತ್ತಲೇ ಯಾಜಕಕಾಂಡ: ಯಾವ ಯಜ್ಞಕ್ಕೆ ಯಾವ ಪ್ರಾಣಿ, ಕೊಬ್ಬು ಎಲ್ಲಿ ಸುಡಬೇಕು, ರಕ್ತ ಎಲ್ಲಿ ಚಿಮುಕಿಸಬೇಕು. 13ನೇ ಅಧ್ಯಾಯ ಕುಷ್ಠದ ಪರೀಕ್ಷೆ, 59 ವಚನ. ಅಲ್ಲಿ ನಿಂತೆ. ಒಂದು ದಿನ ಬಿಟ್ಟೆ, ಎರಡು ದಿನ ಬಿಟ್ಟೆ, ನೋಡುನೋಡುತ್ತಾ ಮೂರು ವಾರ.

ಈಗ ನನ್ನ ತಪ್ಪಿನ ವಿಷಯ. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ಈ ಮಾತು ಹೇಳಿದಾಗೆಲ್ಲ ಜನ ನಾನು ಗಡಿಬಿಡಿಯಲ್ಲಿ ಓದಿದ್ದೇ ತಪ್ಪು ಅಂದುಕೊಳ್ಳುತ್ತಾರೆ. ಗಡಿಬಿಡಿ ದೊಡ್ಡ ತಪ್ಪೇನಲ್ಲ, ಇನ್ನೊಂದು ಸಲ ಓದಿದರೆ ಆಯಿತು.

ನಮ್ಮ ಮನೆಯಲ್ಲಿ ಅಜ್ಜಿ ಇದ್ದಾಳೆ, ಅಪ್ಪನ ತಾಯಿ. ಅವಳಿಗೆ ಓದು ಬರುವುದಿಲ್ಲ. ಬೈಬಲಿನಲ್ಲಿ ಅವಳಿಗೆ ಗೊತ್ತಿರುವುದೆಲ್ಲ ಭಾನುವಾರಗಳಲ್ಲಿ ಕೇಳಿ ಕಲಿತದ್ದು. ನಾನು ಚಾರ್ಟ್ ಹಿಡಿದು ಕೂತ ಮೊದಲ ದಿನವೇ ಹತ್ತಿರ ಬಂದು ಕೂತಳು. "ಜೋರಾಗಿ ಓದಪ್ಪ, ನಾನೂ ಕೇಳ್ತೀನಿ" ಅಂದಳು. ಎರಡು ದಿನ ಓದಿದೆ. ಅವಳು ನಡುನಡುವೆ ನಿಲ್ಲಿಸಿ ಏನಾದರೂ ಕೇಳುತ್ತಿದ್ದಳು, ಮೂರು ಅಧ್ಯಾಯಕ್ಕೆ ಮುಕ್ಕಾಲು ಗಂಟೆ ಆಯಿತು. ಮನಸ್ಸಿನಲ್ಲೇ ಓದಿದರೆ ಹದಿನೈದು ನಿಮಿಷ. ಮೂರನೇ ದಿನದಿಂದ ಮನಸ್ಸಿನಲ್ಲೇ ಓದತೊಡಗಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. "ರೂತಳದ್ದು ಬಂದಾಗ ಮಾತ್ರ ನನಗೆ ಹೇಳು" ಅಂದಳು.

ರೂತಳೇ ಯಾಕೆ ಅಂದರೆ, ಅಜ್ಜಿಯೂ ಹಕ್ಕಲು ಆಯ್ದವಳು. ಮದುವೆಯಾದ ಹೊಸದರಲ್ಲಿ ಸಿರುಗುಪ್ಪದ ಕಡೆ ಹಳ್ಳಿಯಲ್ಲಿದ್ದಳು, ಸ್ವಂತ ಹೊಲ ಇರಲಿಲ್ಲ. ಕೊಯ್ಲು ಮುಗಿದ ಹೊಲದಲ್ಲಿ ಉಳಿದ ಜೋಳದ ತೆನೆ, ನೆಲದಲ್ಲಿ ಸಿಕ್ಕಿಕೊಂಡ ಶೇಂಗಾ, ಇವನ್ನು ಆಯ್ದು ತಂದು ಮಕ್ಕಳನ್ನು ಸಾಕಿದಳು. ಬೈಬಲಿನಲ್ಲಿ ತನ್ನ ಕೆಲಸ ಮಾಡುವ ಹೆಂಗಸು ಒಬ್ಬಳಿದ್ದಾಳೆ ಅಂತ ಅವಳಿಗೆ ಬಹಳ ಅಭಿಮಾನ.

ಚಾರ್ಟ್ ಪ್ರಕಾರ ರೂತಳು ಮಾರ್ಚಿನಲ್ಲಿ ಬರಬೇಕಿತ್ತು. ನಾನು ಹಿಂದೆ ಬಿದ್ದಿದ್ದರಿಂದ ಏಪ್ರಿಲ್ ಆಯಿತು. ಬರೀ ನಾಲ್ಕು ಅಧ್ಯಾಯದ ಪುಸ್ತಕ. ಯೂನಿಟ್‌ನಲ್ಲಿ ಮಧ್ಯಾಹ್ನ ಕರೆಂಟ್ ಹೋಗಿತ್ತು, ಸಿಕ್ಕಿದ ಹತ್ತು ನಿಮಿಷದಲ್ಲಿ ಮೊಬೈಲಿನಲ್ಲೇ ನಾಲ್ಕನ್ನೂ ಮುಗಿಸಿದೆ. ಒಂದು ದಿನದ ಬಾಕಿ ತೀರಿತು ಅಂತ ಖುಷಿಯಾಯಿತು. ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಕೇಳಿದಳು, "ರೂತಳು ಬಂದಳೇನಪ್ಪಾ?"

"ಅದು ಮುಗೀತಜ್ಜಿ" ಅಂದೆ.

"ಹೌದಾ" ಅಂದಳು. ಮತ್ತೆ ಯಾವತ್ತೂ ಕೇಳಲಿಲ್ಲ.

ಇದೇ ತಪ್ಪು. ಆ ದಿನ ನನಗೆ ಏನೂ ಅನಿಸಲಿಲ್ಲ, ಅದನ್ನೇ ಹೇಳುತ್ತಿದ್ದೇನೆ. ಪೀಸ್ ಬಾಕಿ ಇದ್ದಾಗ ಪಕ್ಕದವರು ಮಾತಾಡಿಸಿದರೆ ನಾವು ತಲೆ ಎತ್ತುವುದಿಲ್ಲ, ಹೂಂ ಅಂದು ಹೊಲಿಯುತ್ತಿರುತ್ತೇವೆ. ಮನೆಯಲ್ಲೂ ಅದನ್ನೇ ಮಾಡಿದೆ. ಚಾರ್ಟಿನ ಚೌಕ ತುಂಬಬೇಕು ಅನ್ನೋದು ತಲೆಯಲ್ಲಿ ಕೂತಿತ್ತು, ಎದುರಿಗೆ ಕೂತಿದ್ದ ಮನುಷ್ಯಳು ಆ ಚೌಕಕ್ಕೆ ಅಡ್ಡ ಬರುತ್ತಿದ್ದಾಳೆ ಅನಿಸುತ್ತಿತ್ತು. ಓದು ನನ್ನ ಖಾತೆಗೆ ಜಮಾ ಆಗುವ ವಸ್ತು ಅಂದುಕೊಂಡಿದ್ದೆ. ಯೂನಿಟ್‌ನಲ್ಲಿ ತಪ್ಪು ಹೊಲಿದರೆ ಪೀಸ್ ಆಲ್ಟರ್‌ಗೆ ವಾಪಸ್ ಬರುತ್ತದೆ, ಬಿಚ್ಚಿ ಮತ್ತೆ ಹೊಲಿಯಬಹುದು. ಇದು ವಾಪಸ್ ಬರಲಿಲ್ಲ.

ಡಿಸೆಂಬರಿನ ಕೊನೆಯಲ್ಲಿ ದಿನಕ್ಕೆ ಮೂವತ್ತು ಅಧ್ಯಾಯ ಓದಿದೆ. 31ಕ್ಕೆ ಪ್ರಕಟನೆಯ 22 ಅಧ್ಯಾಯ ಒಂದೇ ದಿನ. ರಾತ್ರಿ ಆರಾಧನೆಯಲ್ಲಿ ಪೂರ್ತಿ ಓದಿದವರನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆದರು. ಮನೆಗೆ ಬಂದಾಗ ಅಜ್ಜಿ ಎದ್ದೇ ಇದ್ದಳು. ಚಾರ್ಟ್ ತೋರಿಸಿದೆ. ಅದನ್ನು ಕೈಯಲ್ಲಿ ಹಿಡಿದು ನೋಡಿ, "ಬೋವಜನು ತನ್ನ ಆಳುಗಳಿಗೆ ಏನ್ ಹೇಳಿದ ಹೇಳು?" ಅಂದಳು. ನನಗೆ ಗೊತ್ತಿರಲಿಲ್ಲ. ಬೋವಜ ಅಂದರೆ ರೂತಳು ಹಕ್ಕಲು ಆಯ್ದ ಹೊಲದ ಯಜಮಾನ ಅನ್ನೋದು ನೆನಪಾಗಲಿಕ್ಕೇ ಒಂದು ಕ್ಷಣ ಬೇಕಾಯಿತು. ಅವಳೇ ಹೇಳಿದಳು: ಸಿವುಡಿನಿಂದ ಒಂದಿಷ್ಟು ತೆನೆ ಬೇಕಂತಲೇ ಎಳೆದು ಬೀಳಿಸಿ ಹೋಗ್ರಿ, ಅವಳು ಆಯ್ದುಕೊಳ್ಳಲಿ, ಯಾರೂ ಗದರಿಸಬೇಡ್ರಿ ಅಂದನಂತೆ. ಆಮೇಲೆ "ನಮ್ಮೂರಾಗೂ ಒಬ್ಬರು ಹಂಗೇ" ಅಂತ ಏನೋ ಶುರು ಮಾಡಿದಳು. ನಾನು ನಿದ್ದೆ ಬರುತ್ತಿದೆ, ನಾಳೆ ಹೇಳಜ್ಜಿ ಅಂದೆ.

ಆಗಲೂ ನನಗೆ ಬುದ್ಧಿ ಬರಲಿಲ್ಲ. ಮುಂದಿನ ವರ್ಷವೂ ಅದೇ ಚಾರ್ಟ್ ತಗೊಂಡೆ, ಈ ಸಲ ಚೆನ್ನಾಗಿ ಓದೋಣ ಅಂತ. ಆ ವರ್ಷವೇ ಅಜ್ಜಿಯ ಕಿವಿ ಹೋಯಿತು. ಮೊದಲು ಎಡಗಿವಿ, ದೀಪಾವಳಿ ಹೊತ್ತಿಗೆ ಬಲಗಿವಿಯೂ ಬಹುತೇಕ. ಕಿವಿಗೆ ಮಿಷನ್ ಹಾಕಿಸಿದೆವು, ಗುಂಯ್ ಅನ್ನುತ್ತದೆ ಅಂತ ತೆಗೆದು ಡಬ್ಬಿಯಲ್ಲಿಟ್ಟಿದ್ದಾಳೆ. ಓದು ಬರುವುದಿಲ್ಲ, ಈಗ ಕೇಳಿಸುವುದೂ ಇಲ್ಲ. ಬೈಬಲ್ ಅವಳ ಒಳಗೆ ಹೋಗಲು ಇದ್ದದ್ದೇ ಒಂದು ದಾರಿ. ಅದು ತೆರೆದಿದ್ದಾಗ ನನಗೆ ಹದಿನೈದು ನಿಮಿಷದ ಲೆಕ್ಕ ದೊಡ್ಡದಾಗಿತ್ತು.

ಅದಾದ ಮೇಲೆ ಚಾರ್ಟ್ ಹರಿದು ಹಾಕಿ, ಆದಿಕಾಂಡದಿಂದ ಜೋರಾಗಿ ಓದಲು ಶುರು ಮಾಡಿದೆ. ರಾತ್ರಿ ಊಟವಾದ ಮೇಲೆ, ಹೆಂಡತಿ, ಮಗಳು, ಅಜ್ಜಿ, ಎಲ್ಲರೂ ಕೂತು. ದಿನಕ್ಕೆ ಒಂದೇ ಅಧ್ಯಾಯ. ವಾರದಲ್ಲಿ ಎರಡು ಮೂರು ದಿನ ತಪ್ಪುತ್ತದೆ, ತಪ್ಪಲಿ. ತಪ್ಪಿದ್ದನ್ನು ಮಾರನೇ ದಿನ ಸೇರಿಸುವುದಿಲ್ಲ.

ನಿಮಗೆ ಬೋರ್ ಆಗುತ್ತಿರುವ ಜಾಗಗಳ ಬಗ್ಗೆ ಹೇಳಲೇಬೇಕು. ಅದೇ ಯಾಜಕಕಾಂಡ 13ರ ಕೊನೆಯಲ್ಲಿ ಬಟ್ಟೆಗೆ ಹಿಡಿಯುವ ಬೂಷ್ಟಿನ ವಿಷಯ ಇದೆ. ಕಲೆ ಹಾಸಿನಲ್ಲಿದೆಯೋ ಹೊಕ್ಕಿನಲ್ಲಿದೆಯೋ ನೋಡು, ಏಳು ದಿನ ಬೇರೆ ಇಡು, ಒಗೆ, ಮತ್ತೆ ಏಳು ದಿನ ಇಡು, ಮಾಸಿದ್ದರೆ ಅಷ್ಟು ಭಾಗ ಮಾತ್ರ ಹರಿದು ತೆಗೆ, ಮತ್ತೆ ಕಾಣಿಸಿಕೊಂಡರೆ ಸುಡು. ಜೀನ್ಸ್ ಬಟ್ಟೆಯಲ್ಲಿ ಹಾಸು ನೀಲಿ, ಹೊಕ್ಕು ಬಿಳಿ. ದಿನಾ ಅದೇ ಬಟ್ಟೆ ಮುಟ್ಟುವ ನಾನು ಮೊದಲ ಸಲ ಈ ವಚನಗಳನ್ನು ನೋಡದೆ ದಾಟಿದ್ದೆ! ವಿಮೋಚನಕಾಂಡ 28ರಲ್ಲಿ ಮಹಾಯಾಜಕನ ನಿಲುವಂಗಿಗೆ ತಲೆ ತೂರಿಸುವ ಜಾಗ ಹರಿಯದ ಹಾಗೆ ಸುತ್ತಲೂ ಪಟ್ಟಿ ಇರಬೇಕು ಅಂತ ಇದೆ. ಯಾವ ಟೈಲರನ್ನು ಕೇಳಿದರೂ ಇದನ್ನೇ ಹೇಳುತ್ತಾನೆ. 1 ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯ ಹೆಚ್ಚುಕಡಿಮೆ ಬರೀ ಹೆಸರು, ಆ ಹೆಸರುಗಳ ನಡುವೆ ನಾಲ್ಕನೇ ಅಧ್ಯಾಯದಲ್ಲಿ ನಾರುಬಟ್ಟೆಯ ಕೆಲಸದವರ ಮನೆತನ, ಕುಂಬಾರರು. ಅವತ್ತು ರಾತ್ರಿ ನಾನು ಆ ವಚನ ಎರಡು ಸಲ ಓದಿದೆ.

ಹಾಗಾಗಿ ಬಿಡಬೇಡಿ. ಬಿಟ್ಟರೆ ನಷ್ಟ ಎಲ್ಲಿ ಅಂತ ಒಂದೇ ಉದಾಹರಣೆ ಕೊಡುತ್ತೇನೆ. ಹೊಲದ ಅಂಚು ಪೂರ್ತಿ ಕೊಯ್ಯಬೇಡ, ಹಕ್ಕಲನ್ನು ಬಡವರಿಗೂ ಪರದೇಶದವರಿಗೂ ಬಿಡು ಅನ್ನುವ ಆಜ್ಞೆ ಇರುವುದು ಯಾಜಕಕಾಂಡ 19ರಲ್ಲಿ. ರೂತಳು ಮೋವಾಬಿನವಳು, ಪರದೇಶದವಳು, ವಿಧವೆ. ಆ ಆಜ್ಞೆ ಗೊತ್ತಿಲ್ಲದೆ ಓದಿದರೆ ಬೋವಜ ಬರೀ ಒಳ್ಳೆಯ ಯಜಮಾನನಾಗಿ ಕಾಣುತ್ತಾನೆ, ಅವಳಿಗೆ ಆ ಹೊಲದಲ್ಲಿ ಹಕ್ಕಿತ್ತು ಅನ್ನೋದೇ ತಪ್ಪಿಹೋಗುತ್ತದೆ. ನಿನ್ನ ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನೋ ಮಾತೂ ಅದೇ ಅಧ್ಯಾಯದ್ದು. ನೀವು ನಿಂತಿರುವ ಜಾಗದಿಂದ ಅದೇನೂ ದೂರ ಇಲ್ಲ.

ಇನ್ನು ಒಂದು ವರ್ಷದ ಗಡುವು. ಅದನ್ನು ಬೈಬಲ್ ಹೇಳಿಲ್ಲ. ಅಧ್ಯಾಯಗಳೂ ಬರೆದವರು ಮಾಡಿದ್ದಲ್ಲ, ಈಗಿನ ಅಧ್ಯಾಯಗಳು ಬಂದದ್ದು 13ನೇ ಶತಮಾನದಲ್ಲಿ. ಸೃಷ್ಟಿಯ ಏಳನೇ ದಿನ ಮೊದಲ ಅಧ್ಯಾಯದಲ್ಲಿ ಇಲ್ಲ, ಎರಡನೆಯದಕ್ಕೆ ಬಿದ್ದಿದೆ, ನೋಡಿ ಬೇಕಾದರೆ. ಕನ್ನಡಕ್ಕೆ ಇದನ್ನು ತರಲು ನಮ್ಮ ಬಳ್ಳಾರಿಯಲ್ಲೇ ಕೂತು ದುಡಿದರು, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದವರು, ಪೂರ್ತಿ ಬೈಬಲ್ ಅಚ್ಚಾಗಲು ಸುಮಾರು ಇಪ್ಪತ್ತು ವರ್ಷ ಬೇಕಾಯಿತು. ಅದನ್ನು ಓದಲು ನಿಮಗೆ ಐದು ವರ್ಷ ಹಿಡಿದರೆ ಏನಾಯಿತು?

ಒಂದು ವರ್ಷದ ಚಾರ್ಟುಗಳಲ್ಲಿ ಹೆಸರಾದದ್ದು ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಮರ್ರೆ ಮೆಕ್‌ಚೇನ್ 1842ರಲ್ಲಿ ತನ್ನ ಸಭೆಯವರಿಗೆ ಮಾಡಿಕೊಟ್ಟದ್ದು. ದಿನಕ್ಕೆ ನಾಲ್ಕು ಅಧ್ಯಾಯ. ಅದರಲ್ಲಿ ಎರಡು ಒಬ್ಬರೇ ಓದಲು, ಇನ್ನೆರಡು ಮನೆಯವರೆಲ್ಲ ಕೂತು ಓದಲು. ನೆಹೆಮೀಯ 8ರಲ್ಲಿ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಜನರ ಮುಂದೆ ನಿಂತು ಓದಿದ, ಗಂಡಸರು ಹೆಂಗಸರು ಎಲ್ಲರೂ ನಿಂತು ಕೇಳಿದರು. ಅದಕ್ಕೇ ನಿಮಗೆ ನನ್ನ ಒಂದೇ ಸಲಹೆ: ಎಷ್ಟು ಓದಬೇಕು ಅಂತ ಕೇಳಬೇಡಿ, ಯಾರಿಗೆ ಓದಿ ಹೇಳಲಿ ಅಂತ ಹುಡುಕಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಫೋನಿನಲ್ಲಿ ಊರಲ್ಲಿರುವ ಅಮ್ಮನಿಗೆ ಓದಿ. ವಯಸ್ಸಾದವರು ಇದ್ದರೆ ಇವತ್ತೇ, ಕಿವಿ ಚೆನ್ನಾಗಿರುವಾಗಲೇ.

ಜೋರಾಗಿ ಓದುತ್ತಾ ರೂತಳ ಎರಡನೇ ಅಧ್ಯಾಯಕ್ಕೆ ಬಂದಾಗ ಅಜ್ಜಿಗೆ ತಿಳಿಸುವುದು ಹೇಗೆ ಅಂತ ಗೊತ್ತಾಗಲಿಲ್ಲ. ಎದ್ದು ನಿಂತು, ಬಗ್ಗಿ, ನೆಲದಿಂದ ಏನೋ ಆಯ್ದ ಹಾಗೆ ಮಾಡಿ ತೋರಿಸಿದೆ. ಸ್ವಲ್ಪ ಹೊತ್ತು ನೋಡಿದಳು. "ಹಕ್ಕಲು" ಅಂದಳು, ಜೋರಾಗಿ. ಆಮೇಲೆ "ಹಂಗಲ್ಲ ಆಯೋದು" ಅಂತ ತಾನೇ ಗೋಡೆ ಹಿಡಿದು ಎದ್ದು, ಸೆರಗು ಉಡಿ ಕಟ್ಟಿ, ಒಂದು ಕೈಯಿಂದ ಉಡಿ ಹಿಡಿದು ಇನ್ನೊಂದರಿಂದ ಹೇಗೆ ಆಯಬೇಕು ಅಂತ ಮಗಳಿಗೆ ತೋರಿಸಿದಳು. ಊರಿನ ಆ ಹಳೆಯ ಮಾತನ್ನು ಅವತ್ತು ಹೇಳಬಹುದು ಅಂತ ಕಾದೆ. ಹೇಳಲಿಲ್ಲ, ಕೇಳಿದರೂ ನನ್ನ ಪ್ರಶ್ನೆ ಅವಳಿಗೆ ಮುಟ್ಟಲಿಲ್ಲ. ಈಗ ಮಲಗುವ ಮುಂಚೆ ಅವಳ ಬಲಗಿವಿಗೆ ಬಾಯಿಟ್ಟು ಕೂಗಿ 117ನೇ ಕೀರ್ತನೆ ಹೇಳುತ್ತೇನೆ. ಎರಡೇ ವಚನ, ಇಡೀ ಬೈಬಲಿನಲ್ಲಿ ಅದೇ ಚಿಕ್ಕ ಅಧ್ಯಾಯ. ಅಷ್ಟು ಕೇಳಿಸುತ್ತದೆ.

ಇದು ನಾಲ್ಕನೇ ವರ್ಷ, ಯೆರೆಮೀಯದಲ್ಲಿದ್ದೇವೆ. ನಿನ್ನೆ 36ನೇ ಅಧ್ಯಾಯ, ಸುರುಳಿಯನ್ನು ಓದಿದಷ್ಟೂ ಅರಸ ಅದನ್ನು ಕತ್ತರಿಸಿ ಕತ್ತರಿಸಿ ಬೆಂಕಿಗೆ ಹಾಕುತ್ತಾನಲ್ಲ, ಅದು. ಮಗಳು ಎಲ್ಲಾ ಸುಟ್ಟುಹೋಯ್ತಾ ಅಂತ ಎದ್ದು ಕೂತಳು. ಯೆರೆಮೀಯ ಮತ್ತೆ ಪೂರ್ತಿ ಹೇಳಿ ಬರೆಸಿದ, ಇನ್ನೂ ಜಾಸ್ತಿಯೇ ಬರೆಸಿದ ಅಂತ ಕೊನೆ ವಚನ ಓದಿದ ಮೇಲೆ ಮಲಗಿದಳು. ಇವತ್ತು ರಾತ್ರಿ 37.